ಮಗನ ಕೋಣೆಯಲ್ಲಿ ಮಾವಿನ ಹಣ್ಣಿನ ಘಮವೇ?

ಸಿಗರೇಟಿನ ವಾಸನೆ ಹಿಡಿಯುವುದರಲ್ಲಿ ಅಮ್ಮಂದಿರ ಮೂಗಿಗೆ ಸಾಟಿಯಿಲ್ಲ. ಮಗ ಬಾಗಿಲಲ್ಲಿ ಶೂ ಬಿಚ್ಚುವಷ್ಟರಲ್ಲಿ ವಿಷಯ ಗೊತ್ತಾಗಿಬಿಡುತ್ತದೆ. ಅವನು ಏಲಕ್ಕಿ, ಸೋಂಪು ಅಂತ ಏನೇ ಸರ್ಕಸ್ ಮಾಡಿದರೂ ಅಷ್ಟೇ! ಆದರೆ ಈಗ ಆ ಮೂಗನ್ನೇ ಏಮಾರಿಸುವ ವಸ್ತುವೊಂದು ಬಂದಿದೆ. ಅದೇ ಇ-ಸಿಗರೇಟು. ಹುಡುಗರ ಭಾಷೆಯಲ್ಲಿ 'ವೇಪ್'.

'ಅದು ನಿಷೇಧ ಆಗಿದೆಯಲ್ಲ, ನಮ್ಮನೆಗೆಲ್ಲಿಂದ ಬರುತ್ತೆ?' ಅಂತೀರಾ? ನಿಜ, ಕರ್ನಾಟಕ ಸರ್ಕಾರ 2016ರಲ್ಲೇ ಇದನ್ನು ನಿಷೇಧಿಸಿತು. 2019ರಲ್ಲಿ ಇಡೀ ದೇಶಕ್ಕೇ ಕಾನೂನು ಬಂತು. ತಯಾರಿಸಿದರೆ, ಆಮದು ಮಾಡಿದರೆ, ಮಾರಿದರೆ ಮೊದಲ ಸಲ 1 ವರ್ಷದವರೆಗೆ ಜೈಲು, ಇಲ್ಲವೇ 1 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ದಾಸ್ತಾನು ಮಾಡುವುದೂ ಅಪರಾಧವೇ. ಆದರೂ ಕದ್ದುಮುಚ್ಚಿ ಮಾರಾಟ ನಿಂತಿಲ್ಲ. ಕಾನೂನು ಇದೆ ಅಂತ ನಾವು ನಿಶ್ಚಿಂತೆಯಿಂದ ಕೂರುವ ಹಾಗಿಲ್ಲ.

ಇದರೊಳಗೆ ಏನಿದೆ?

2003ರಲ್ಲಿ ಚೀನಾದ ಹೋನ್ ಲಿಕ್ ಎಂಬ ಔಷಧ ತಜ್ಞ ಇಂದಿನ ಮಾದರಿಯ ಇ-ಸಿಗರೇಟು ರೂಪಿಸಿದ. ತಾನೇ ಸಿಗರೇಟಿನ ದಾಸನಾಗಿದ್ದವನು ಬಿಡುವ ದಾರಿ ಹುಡುಕುತ್ತಿದ್ದ. ಸಾಧನ ಸರಳ. ಒಂದು ಬ್ಯಾಟರಿ, ಬಿಸಿಯಾಗುವ ಪುಟ್ಟ ಸುರುಳಿ, ಅದರ ಪಕ್ಕದಲ್ಲಿ ಒಂದಿಷ್ಟು ದ್ರವ. ಎಳೆದಾಗ ದ್ರವ ಕಾದು ಮಂಜಿನಂತೆ ಶ್ವಾಸಕೋಶಕ್ಕೆ ಇಳಿಯುತ್ತದೆ. ದ್ರವದಲ್ಲಿ ಗ್ಲಿಸರಿನ್, ಪ್ರೊಪಿಲೀನ್ ಗ್ಲೈಕಾಲ್, ಮಾವು-ಪುದೀನದಂಥ ಪರಿಮಳ ಮತ್ತು ಸಾಮಾನ್ಯವಾಗಿ ನಿಕೋಟಿನ್ ಇರುತ್ತವೆ.

ಬರೀ ಆವಿ ತಾನೇ?

ಮಕ್ಕಳ ವಾದ ಇದೇ. 'ಅಮ್ಮಾ, ಇದು ಹೊಗೆಯಲ್ಲ, ನೀರಿನ ಆವಿ!' ಖಂಡಿತ ಅಲ್ಲ. ಕಾದ ದ್ರವದಿಂದ ಫಾರ್ಮಾಲ್ಡಿಹೈಡ್‌ನಂಥ ಹಾನಿಕಾರಕ ವಸ್ತುಗಳು ಹುಟ್ಟುತ್ತವೆ. ಸುರುಳಿಯಿಂದ ನಿಕ್ಕಲ್, ಸೀಸದಂಥ ಲೋಹದ ಕಣಗಳೂ ಸೇರಬಹುದು. ಸಿಗರೇಟಿನ ಟಾರು, ಕಾರ್ಬನ್ ಮಾನಾಕ್ಸೈಡು ಇದರಲ್ಲಿ ಇರುವುದಿಲ್ಲ ಎನ್ನುವುದೇನೋ ನಿಜ. ಆದರೆ ಸಿಗರೇಟನ್ನೇ ಮುಟ್ಟದ ಹದಿನಾರರ ಹುಡುಗನಿಗೆ ಅದರಿಂದ ಆಗುವ ಲಾಭವೇನು? ಅವನಿಗೆ ಸಿಗುವುದು ಹೊಸ ಚಟ ಮಾತ್ರ.

ಮಿದುಳಿನ ಬೆಳವಣಿಗೆ ಸುಮಾರು 25 ವರ್ಷದವರೆಗೂ ನಡೆಯುತ್ತದೆ. ಈ ವಯಸ್ಸಿನಲ್ಲಿ ನಿಕೋಟಿನ್ ಬೇಗ ಬೇರೂರುತ್ತದೆ. ಗಮನ, ಕಲಿಕೆ, ಮನಸ್ಸಿನ ಹಿಡಿತ ಎಲ್ಲಕ್ಕೂ ಪೆಟ್ಟು. ಸಿಗರೇಟಾದರೆ ಒಂದು ಸುಟ್ಟು ಮುಗಿಯುತ್ತದೆ. ಇದು ಮುಗಿಯುವುದೇ ಇಲ್ಲ, ಎಳೆದಷ್ಟೂ ಇರುತ್ತದೆ! ಎಷ್ಟು ಸೇದಿದೆ ಅನ್ನುವ ಲೆಕ್ಕವೂ ಸಿಗದು.

ಕಳ್ಳ ಮಾಲಿನಲ್ಲಿ ಇನ್ನೂ ಒಂದು ಅಪಾಯ. 2019ರಲ್ಲಿ ಅಮೆರಿಕದಲ್ಲಿ ವೇಪ್ ಸೇದಿದವರ ಶ್ವಾಸಕೋಶಕ್ಕೆ ತೀವ್ರ ಹಾನಿಯಾಯಿತು. 2020ರ ಫೆಬ್ರುವರಿ ಹೊತ್ತಿಗೆ 2,800ಕ್ಕೂ ಹೆಚ್ಚು ಜನ ಆಸ್ಪತ್ರೆ ಸೇರಿ 68 ಮಂದಿ ತೀರಿಕೊಂಡಿದ್ದರು. ಬಹುಪಾಲು ಪ್ರಕರಣಗಳಲ್ಲಿ ಗಾಂಜಾದ ಅಂಶ ಬೆರೆಸಿದ ದ್ರವವಿತ್ತು. ಅದಕ್ಕೆ ಸೇರಿಸಿದ್ದ ವಿಟಮಿನ್ ಇ ಅಸಿಟೇಟ್ ಮುಖ್ಯ ಕಾರಣವೆಂದು ಗುರುತಿಸಲಾಯಿತು. ಯಾರೋ ತುಂಬಿಸಿಕೊಟ್ಟದ್ದರಲ್ಲಿ ಏನಿದೆಯೋ ಸೇದುವವನಿಗೆ ಹೇಗೆ ಗೊತ್ತಾಗಬೇಕು, ಹೇಳಿ?

ಮನೆಯಲ್ಲಿ ಪುಟ್ಟ ಮಕ್ಕಳಿದ್ದರಂತೂ ಇನ್ನೂ ಎಚ್ಚರ. ಹಣ್ಣಿನ ವಾಸನೆಯ ಆ ದ್ರವವನ್ನು ಸ್ವಲ್ಪ ನುಂಗಿದರೂ ವಾಂತಿ, ಸೆಳೆತ, ಪ್ರಾಣಾಪಾಯ ಆಗಬಹುದು. ತಕ್ಷಣ ಆಸ್ಪತ್ರೆಗೆ ಓಡಬೇಕು.

ಇವುಗಳ ಮೇಲೆ ಕಣ್ಣಿಡಿ

* ಪೆನ್‌ಡ್ರೈವ್, ಹೈಲೈಟರ್ ಪೆನ್ನು, ಲಿಪ್‌ಸ್ಟಿಕ್ ತರಹದ, ಆದರೆ ತುದಿಯಲ್ಲಿ ತೂತಿರುವ ವಸ್ತು.

* ಕೋಣೆ, ಬಾತ್‌ರೂಮು, ಬ್ಯಾಗಿನಲ್ಲಿ ಕಾರಣವಿಲ್ಲದೆ ಹಣ್ಣು, ಪುದೀನದ ಘಮ.

* ಬಿಡದ ಕೆಮ್ಮು, ಒಣಗುವ ಬಾಯಿ, ಹೆಚ್ಚಿದ ಬಾಯಾರಿಕೆ.

* ಸುಮ್ಮಸುಮ್ಮನೆ ಸಿಡಿಮಿಡಿ, ನಿದ್ದೆಗೆಡುವುದು, ಪಾಕೆಟ್ ಮನಿ ಸಾಲದಿರುವುದು.

ಇವು ಕಂಡ ಮಾತ್ರಕ್ಕೆ ಮಗುವಿನ ಮೇಲೆ ಹರಿಹಾಯಬೇಡಿ. ಪರೀಕ್ಷೆಯ ಟೆನ್ಷನ್ನಿಗೂ ಸಿಡಿಮಿಡಿ ಬರುತ್ತದೆ. ಹೆಣ್ಣುಮಕ್ಕಳು ಇದರಿಂದ ದೂರ ಅಂತ ಭಾವಿಸುವುದೂ ಬೇಡ.

ಸಿಕ್ಕಿಬಿದ್ದರೆ ಏನು ಮಾಡಲಿ?

ಮೊದಲು ನೀವು ಒಂದು ಲೋಟ ನೀರು ಕುಡಿಯಿರಿ! ಅಳು, ಏಟು, 'ಅಪ್ಪ ಬರಲಿ ತಡಿ' ಎನ್ನುವ ಬೆದರಿಕೆ, ಇವೆಲ್ಲ ಮಗುವಿಗೆ ಹೇಳಿಕೊಡುವುದು ಒಂದೇ: ಮುಂದಿನ ಸಲ ಇನ್ನೂ ಚೆನ್ನಾಗಿ ಬಚ್ಚಿಡು. ಬದಲಿಗೆ, 'ಯಾವಾಗ ಶುರುವಾಯ್ತು? ಬಿಡೋಕೆ ನೋಡಿದ್ಯಾ?' ಅಂತ ಕೇಳಿ. ಬಿಡಬೇಕೆಂದಿದ್ದರೂ ಆಗದೆ ಒಳಗೊಳಗೇ ಒದ್ದಾಡುತ್ತಿರಬಹುದು. ಅದನ್ನು ಹೇಳಿಕೊಳ್ಳುವ ಧೈರ್ಯ ಅವರಿಗೆ ಬರಬೇಕಾದ್ದು ನಿಮ್ಮಿಂದಲೇ.

ಬಿಟ್ಟ ಮೊದಲ ಕೆಲವು ದಿನ ತಲೆನೋವು, ಕೋಪ, ಚಡಪಡಿಕೆ ಜೋರು. ನಂತರ ಕೆಲವು ವಾರಗಳಲ್ಲಿ ಹಂತಹಂತವಾಗಿ ಕಡಿಮೆಯಾಗುತ್ತದೆ. ಆಸೆ ಉಕ್ಕಿದಾಗ ಕೆಲವೇ ನಿಮಿಷ ತಡೆದರೆ ಅದು ಇಳಿಯುತ್ತದೆ. ಆಗ ತಣ್ಣನೆಯ ನೀರು, ಒಂದು ಸುತ್ತು ನಡಿಗೆ, ನಿಮ್ಮ ಜೊತೆ ನಾಲ್ಕು ಮಾತು ಸಹಾಯಕ್ಕೆ ಬರುತ್ತವೆ. ತಂಬಾಕು ಬಿಡಿಸುವ ರಾಷ್ಟ್ರೀಯ ಸಹಾಯವಾಣಿ 1800-11-2356ಕ್ಕೆ ಉಚಿತವಾಗಿ ಕರೆ ಮಾಡಬಹುದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸಾ ವಿಭಾಗವೂ ಇದೆ. ಅಲ್ಲಿಗೆ ಹೋಗಲು ನಾಚಿಕೆ ಯಾಕೆ? ಜ್ವರಕ್ಕೆ ಡಾಕ್ಟರ ಹತ್ತಿರ ಹೋಗುವುದಿಲ್ಲವೇ?

ಹಾಗೇ ಯಜಮಾನರ ಕಿವಿಗೂ ಒಂದು ಮಾತು ಹಾಕಿ. ಅಪ್ಪ ಬಾಲ್ಕನಿಯಲ್ಲಿ ಸಿಗರೇಟು ಹಚ್ಚಿ ನಿಂತಿದ್ದರೆ ಒಳಗೆ ಮಗನಿಗೆ ನೀವು ಹೇಳುವ ಬುದ್ಧಿಮಾತು ಗೋರ್ಕಲ್ಲ ಮೇಲೆ ಮಳೆ ಸುರಿದಂತೆಯೇ ಸರಿ!