ಅತ್ತರೆ ಇನ್ನೆರಡು

ನಮ್ಮ ನೆಂಟರ ಮದುವೆಮನೆಗಳಲ್ಲಿ ಊಟ ಮುಗಿದು ಎಲೆಅಡಿಕೆ ತಟ್ಟೆ ಬರುವ ಹೊತ್ತಿಗೆ ನನ್ನದೊಂದು ಕತೆಗೆ ಬೇಡಿಕೆ ಬರುತ್ತಿತ್ತು. ‘ಅದೇ ಕಣೋ, ನಿಮ್ಮಪ್ಪ ಅಟ್ಟದಿಂದ ಇಳಿಸಿದ್ದು, ಹೇಳು’ ಎಂದು ಚಿಕ್ಕಪ್ಪನ ಮಕ್ಕಳು ಶುರುಮಾಡುವರು. ನಾನು ಎದ್ದುನಿಂತು, ಅಪ್ಪನ ದನಿ, ನಡಿಗೆ ಎಲ್ಲ ಮಾಡಿ ತೋರಿಸಿ ಹೇಳುತ್ತಿದ್ದೆ.

ಕತೆ ಇಷ್ಟೇ. ನಮ್ಮೂರು ತಿಪಟೂರಿನ ಬಳಿ. ಆ ಸೀಮೆಯಲ್ಲಿ ತೆಂಗಿನಕಾಯಿ ಕಿತ್ತ ಕೂಡಲೇ ಸುಲಿಯುವುದಿಲ್ಲ. ಸಿಪ್ಪೆಸಮೇತ ಅಟ್ಟಕ್ಕೆ ಏರಿಸಿ ಹತ್ತು ಹನ್ನೊಂದು ತಿಂಗಳು ಬಿಡುತ್ತಾರೆ. ಒಳಗಿನ ನೀರು ನಿಧಾನವಾಗಿ ಇಂಗಿ, ತಿರುಳು ಚಿಪ್ಪು ಬಿಟ್ಟು, ಅಲ್ಲಾಡಿಸಿದರೆ ಲೊಡಲೊಡ ಎನ್ನುವಾಗ ಅದು ಕೊಬ್ಬರಿ. ಎಂಟು ವರ್ಷದವನಿದ್ದಾಗ ಸೀಮೆಎಣ್ಣೆಗೆಂದು ಕೊಟ್ಟ ಹತ್ತು ರೂಪಾಯಿ ಕಳೆದುಕೊಂಡು ಬಂದು ಆ ಅಟ್ಟ ಹತ್ತಿ ಕೂತೆ. ಕೆಳಗೆ ಸೈಕಲ್ ಸ್ಟ್ಯಾಂಡ್ ಹಾಕಿದ ಸದ್ದಾಯಿತು. ನಡುಕಕ್ಕೆ ಕಾಲು ತಾಗಿ ಕಾಯಿಗಳು ಉರುಳಿ ಲೊಡಲೊಡ ಎಂದವು. ಅಪ್ಪ ಏಣಿ ಹತ್ತಿ ಕಾಲು ಹಿಡಿದು ಇಳಿಸಿದರು. ಹುಣಸೆ ಬರಲು ಕೈಯಲ್ಲೇ ಇತ್ತು. ‘ಅಳ್ತೀಯಾ? ಅತ್ರೆ ಇನ್ನೆರಡು’ ಅಂದರು. ಅಳು ನುಂಗಿದೆ, ಬಿಕ್ಕಳಿಕೆ ಹತ್ತಿಕೊಂಡಿತು. ಬಿಕ್ಕಳಿಕೆಗೂ ಎರಡು ಬಿತ್ತು.

ಈ ಬಿಕ್ಕಳಿಕೆಯ ಜಾಗಕ್ಕೆ ಬಂದಾಗ ಎಲ್ಲರೂ ಬಿದ್ದುಬಿದ್ದು ನಗುತ್ತಿದ್ದರು. ನಾನೂ.

ಮಗಳು ಹುಟ್ಟಿದ ದಿನ ಆಸ್ಪತ್ರೆಯ ವರಾಂಡದಲ್ಲಿ ನಿಂತು ಒಂದೇ ಒಂದು ಆಣೆ ಮಾಡಿಕೊಂಡಿದ್ದೆ, ಇವಳ ಮೇಲೆ ಕೈ ಎತ್ತುವುದಿಲ್ಲ ಅಂತ. ಈಗವಳಿಗೆ ಒಂಬತ್ತು. ಇವತ್ತಿನವರೆಗೂ ಎತ್ತಿಲ್ಲ. ಲೆಕ್ಕ ತಪಾಸಣೆ ಮಾಡುವ ಕೆಲಸ ನನ್ನದು. ಒಂದು ಸಾಲ ಪೂರ್ತಿ ತೀರಿತು ಎಂದು ಪುಸ್ತಕ ಮುಚ್ಚಿ ನೆಮ್ಮದಿಯಾಗಿದ್ದೆ.

ಮಗು ನಾಲ್ಕು ತಿಂಗಳದ್ದಾಗಿದ್ದಾಗ ಸಂಜೆಯಾದರೆ ಸಾಕು, ಒಂದೇ ಸಮನೆ ಅಳುತ್ತಿತ್ತು. ಅತ್ತ ಅದರ ಅಳು ಏಳುತ್ತಿದ್ದಂತೆ ಇತ್ತ ನನಗೆ ಏನಾದರೊಂದು ಕೆಲಸ ನೆನಪಾಗುತ್ತಿತ್ತು. ಬೈಕಿಗೆ ಗಾಳಿ ಹೊಡೆಸಬೇಕು, ಹಾಲು ತರಬೇಕು. ಒಂದು ರಾತ್ರಿ ಹನ್ನೊಂದಕ್ಕೆ ಹಾಲು ತಂದು ಫ್ರಿಜ್ ತೆಗೆದರೆ ಒಳಗೆ ಆಗಲೇ ಆರು ಪ್ಯಾಕೆಟ್ ಕೂತಿದ್ದವು. ಹೆಂಡತಿ ಏನೂ ಅನ್ನಲಿಲ್ಲ, ಮಾರನೇ ದಿನ ಪನೀರ್ ಮಾಡಿದಳು. ಮಗಳು ದೊಡ್ಡವಳಾದಂತೆ ನಾನು ಓಡಿಹೋಗುವುದು ನಿಂತು ಇನ್ನೊಂದು ಶುರುವಾಯಿತು. ಅವಳು ಅತ್ತಾಗ ಅತ್ಯಂತ ಮರ್ಯಾದೆಯ, ತಣ್ಣನೆ ದನಿಯಲ್ಲಿ ‘ಅಳೋದು ನಿಲ್ಲಿಸು ಪುಟ್ಟಾ, ಆಮೇಲೆ ಮಾತಾಡೋಣ’ ಎನ್ನುತ್ತಿದ್ದೆ. ಅದನ್ನು ಒಳ್ಳೆಯ ತಂದೆಯ ಲಕ್ಷಣ ಅಂದುಕೊಂಡಿದ್ದೆ.

ಅವಳಿಗೆ ಐದು ವರ್ಷವಾಗಿದ್ದಾಗ ನೀರಿನ ಬಿಲ್ಲು ಜಾಸ್ತಿ ಬಂತು. ಎಲ್ಲೋ ಸೋರುತ್ತಿರಬೇಕೆಂದು ಪ್ಲಂಬರ್‌ನನ್ನು ಕರೆಸಿದೆ. ಅವನು ಹುಡುಕಿ ಹುಡುಕಿ ಏನೂ ಇಲ್ಲ ಎಂದು ಹೋದ. ಒಂದು ಭಾನುವಾರ ಹೆಂಡತಿ ನನ್ನ ತೋಳು ಹಿಡಿದು ಸದ್ದಿಲ್ಲದೆ ಬಚ್ಚಲ ಬಾಗಿಲ ಹತ್ತಿರ ಕರೆದುಕೊಂಡು ಹೋದಳು. ಒಳಗೆ ನಲ್ಲಿ ಜೋರಾಗಿ ಸುರಿಯುತ್ತಿತ್ತು. ಆ ಸದ್ದಿನ ಅಡಿಯಲ್ಲಿ ಮಗಳು ಅಳುತ್ತಿದ್ದಳು. ಸ್ವಲ್ಪ ಹೊತ್ತಿಗೆ ನಲ್ಲಿ ನಿಂತಿತು, ಮುಖ ತೊಳೆದ ಮಗು ಹೊರಗೆ ಬಂದು ‘ಅಪ್ಪಾ, ನಾನು ಅಳ್ತಿಲ್ಲ’ ಎಂದಿತು.

‘ನೀವು ಹೊಡೆಯಲ್ಲ, ಒಪ್ಕೋತೀನಿ. ಅವಳು ಅತ್ತಾಗ ನೀವು ಎಲ್ಲಿರ್ತೀರಿ ಹೇಳಿ’ ಎಂದಳು ಹೆಂಡತಿ, ರಾತ್ರಿ.

ಆಪ್ತಸಮಾಲೋಚಕರ ಬಳಿ ಹೋಗಿದ್ದು ಹಾಗೆ. ನಡುವಯಸ್ಸು ದಾಟಿದ ಹೆಂಗಸು, ಟೇಬಲ್ಲಿನ ಮೇಲೊಂದು ನೀರಿನ ಜಗ್ಗು, ಗೋಡೆ ಗಡಿಯಾರ. ಮೊದಲ ದಿನವೇ ವಾತಾವರಣ ತಿಳಿಯಾಗಲೆಂದು ನನ್ನ ಅಟ್ಟದ ಕತೆ ಹೇಳಿದೆ, ಅಭಿನಯಸಮೇತ. ಅವರು ನಗಲಿಲ್ಲ. ‘ಆ ಬಿಕ್ಕಳಿಕೆ ಎಷ್ಟು ಹೊತ್ತು ಇತ್ತು?’ ಎಂದು ಕೇಳಿದರು. ಅಷ್ಟು ವರ್ಷದಲ್ಲಿ ಯಾರೂ ಕೇಳಿರದ ಪ್ರಶ್ನೆ. ಉತ್ತರ ಕೊಡಲು ಬಾಯಿ ತೆರೆದರೆ ಗಂಟಲು ಕಟ್ಟಿತು. ಆ ದಿನದ ಉಳಿದ ಅರ್ಧಗಂಟೆ ಜಗ್ಗಿನ ನೀರು ಕುಡಿಯುವುದರಲ್ಲೇ ಕಳೆಯಿತು.

ಮುಂದಿನ ಸಲ ಅವರು ಒಬ್ಬ ತಾಯಿಯ ವಿಷಯ ಹೇಳಿದರು. ಅಮೆರಿಕದ ಮಿಷಿಗನ್‌ನಲ್ಲಿ ಸೆಲ್ಮಾ ಫ್ರೈಬರ್ಗ್ ಎಂಬ ಮನೋವಿಶ್ಲೇಷಕಿ ಎಳೆ ಮಕ್ಕಳು ಮತ್ತು ತಾಯಂದಿರ ನಡುವೆ ಕೆಲಸ ಮಾಡುತ್ತಿದ್ದರು. 1975ರಲ್ಲಿ ಇಬ್ಬರು ಸಹೋದ್ಯೋಗಿಗಳೊಂದಿಗೆ ಒಂದು ಪ್ರಬಂಧ ಪ್ರಕಟಿಸಿದರು. ಅದರ ಹೆಸರನ್ನು ಕನ್ನಡಕ್ಕೆ ತಂದರೆ ‘ಮಗುವಿನ ಕೋಣೆಯಲ್ಲಿನ ದೆವ್ವಗಳು’ ಎಂದಾದೀತು. ತಂದೆತಾಯಿಯ ಬಾಲ್ಯದಿಂದ ಎದ್ದುಬರುವ, ಯಾರೂ ಕರೆಯದೆಯೂ ಬಂದು ತೊಟ್ಟಿಲ ಪಕ್ಕ ಕೂರುವ ನೆನಪುಗಳಿಗೆ ಅವರು ಇಟ್ಟ ಹೆಸರು ಅದು. ಅದರಲ್ಲಿ ಬರುವ ಒಬ್ಬ ಎಳೆಯ ತಾಯಿಯ ಐದೂವರೆ ತಿಂಗಳ ಕೂಸು ಅವಳ ತೊಡೆಯ ಮೇಲೇ ಅಳುತ್ತಿರುತ್ತದೆ. ತಾಯಿಯ ಕಣ್ಣು ಎತ್ತಲೋ. ಬೈಯುವುದಿಲ್ಲ, ಹೊಡೆಯುವುದಿಲ್ಲ. ಕೂಸಿನ ಅಳು ಅವಳ ಕಿವಿಗೆ ಬೀಳುತ್ತಲೇ ಇಲ್ಲವೇನೋ ಎಂದು ನೋಡಿದವರಿಗೆ ಅನ್ನಿಸಿತು. ಆಕೆ ಸ್ವಂತ ತಾಯಿಯ ಮಡಿಲಿಲ್ಲದೆ ನೆಂಟರ ಕೈಯಲ್ಲಿ ಬೆಳೆದವಳು. ಫ್ರೈಬರ್ಗ್ ತಂಡ ಅವಳಿಗೆ ಮಗು ಸಾಕುವ ಪಾಠ ಹೇಳಲಿಲ್ಲ. ವಾರವಾರ ಮನೆಗೆ ಹೋಗಿ ಅವಳ ಬಾಲ್ಯದ ಕತೆ ಕೇಳಿತು. ಆ ಕತೆ ಹೇಳುತ್ತ ಹೇಳುತ್ತ ಅವಳು ಅತ್ತಳು. ಅವಳ ಅಳುವನ್ನು ಒಬ್ಬರು ಕೂತು ಕೇಳಿಸಿಕೊಂಡ ಮೇಲೆ ಅವಳ ಕೈ ತಾನಾಗಿ ಮಗುವಿನ ಕಡೆ ಹೋಯಿತು, ಎತ್ತಿ ಎದೆಗಪ್ಪಿಕೊಂಡಳು.

ಅವರ ತೀರ್ಮಾನದಲ್ಲಿ ನನ್ನನ್ನು ತಟ್ಟಿದ ಭಾಗ ಇದು: ಕೆಟ್ಟ ಬಾಲ್ಯ ಕಂಡವರಿಗೆ ನಡೆದ ಘಟನೆಗಳು ಸಾಮಾನ್ಯವಾಗಿ ಚೆನ್ನಾಗಿಯೇ ನೆನಪಿರುತ್ತವೆ. ಎಷ್ಟು ಗಂಟೆಗೆ, ಯಾವ ಕೋಲಿನಿಂದ ಎಂಬುದೂ ನೆನಪಿರುತ್ತದೆ. ಮರೆತಿರುವುದು ಆ ಹೊತ್ತಿನ ನೋವು ಮತ್ತು ಭಯ. ನೋವು ನೆನಪಿರುವವನು ಅದನ್ನು ತನ್ನ ಮಗುವಿಗೆ ದಾಟಿಸುವುದು ಕಡಿಮೆ. ನನ್ನ ಕತೆಯಲ್ಲಿ ಹುಣಸೆ ಬರಲಿತ್ತು, ಸೀಮೆಎಣ್ಣೆ ಇತ್ತು, ಸೈಕಲ್ ಇತ್ತು. ಎಂಟು ವರ್ಷದ ಹುಡುಗನೇ ಇರಲಿಲ್ಲ. ಅವನನ್ನು ನಾನು ನಗೆಪಾಟಲು ಮಾಡಿ ಮದುವೆಮನೆಗಳಲ್ಲಿ ಹಂಚಿಬಿಟ್ಟಿದ್ದೆ.

ಪೆಟ್ಟು ತಿಂದು ಬೆಳೆದವರೆಲ್ಲ ಪೆಟ್ಟು ಕೊಡುತ್ತಾರೆ ಎಂದು ನಾವು ಸಲೀಸಾಗಿ ಹೇಳಿಬಿಡುತ್ತೇವೆ. ಅದು ಹಾಗಿಲ್ಲ. ಯೇಲ್ ವಿಶ್ವವಿದ್ಯಾಲಯದ ಜೋನ್ ಕಾಫ್‌ಮನ್ ಮತ್ತು ಎಡ್ವರ್ಡ್ ಜಿಗ್ಲರ್ 1987ರಲ್ಲಿ ಅಲ್ಲಿಯವರೆಗಿನ ಅಧ್ಯಯನಗಳನ್ನೆಲ್ಲ ಜಾಲಾಡಿ, ಹಿಂಸೆಗೆ ಸಿಕ್ಕಿ ಬೆಳೆದವರಲ್ಲಿ ಶೇ. 30ರಷ್ಟು ಮಂದಿ ಅದನ್ನು ತಮ್ಮ ಮಕ್ಕಳ ಮೇಲೆ ಮುಂದುವರಿಸಬಹುದು ಎಂದು ಅಂದಾಜಿಸಿದರು. ಉಳಿದ ಹೆಚ್ಚಿನವರು ಮುಂದುವರಿಸುವುದಿಲ್ಲ. ಇದನ್ನು ಓದಿದಾಗ ನಾನು ಆ ದೊಡ್ಡ ಗುಂಪಿನವನು ಎಂದು ಖುಷಿಯಾಯಿತು, ಸುಳ್ಳೇಕೆ ಹೇಳಲಿ. ಆದರೆ ಬಚ್ಚಲಲ್ಲಿ ನಲ್ಲಿ ತಿರುಗಿಸಿಕೊಂಡು ಅಳುವ ಮಗು ಇಂಥ ಯಾವ ಲೆಕ್ಕದಲ್ಲೂ ಬರುವುದಿಲ್ಲ. ಲೆಕ್ಕಿಗನಾಗಿ ನನಗೆ ಗೊತ್ತು, ಪುಸ್ತಕ ಸರಿಯಾಗಿ ತಾಳೆಯಾದ ಮಾತ್ರಕ್ಕೆ ಅಂಗಡಿ ಸರಿಯಿದೆ ಎಂದಲ್ಲ.

ನಮ್ಮಂಥವರು ಅಪರೂಪವೂ ಅಲ್ಲ. ಕೇಂದ್ರದ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯ 2007ರಲ್ಲಿ ಹೊರತಂದ ವರದಿಗಾಗಿ 13 ರಾಜ್ಯಗಳ 12,447 ಮಕ್ಕಳನ್ನು ಮಾತಾಡಿಸಲಾಗಿತ್ತು. ಮೂವರಲ್ಲಿ ಇಬ್ಬರು ದೈಹಿಕ ಹಿಂಸೆ ಕಂಡವರು. ಮನೆಯೊಳಗೆ ಪೆಟ್ಟು ತಿಂದವರಲ್ಲಿ ಶೇ. 88.6ರಷ್ಟು ಮಕ್ಕಳಿಗೆ ಹೊಡೆದವರು ಹೆತ್ತವರೇ. ಆ ಮಕ್ಕಳಲ್ಲಿ ಎಷ್ಟೋ ಜನ ಇವತ್ತು ಅಪ್ಪ ಅಮ್ಮ ಆಗಿದ್ದಾರೆ. ಪೆಟ್ಟೊಂದೇ ಅಲ್ಲ, ಕುಡಿಯುವ ಅಪ್ಪ, ಏಟು ತಿನ್ನುವ ಅಮ್ಮ, ಮಂಕು ಕವಿದು ಹಾಸಿಗೆ ಬಿಟ್ಟೇಳದ ಅಮ್ಮ, ಬಿಟ್ಟುಹೋದವರು, ಇವೆಲ್ಲ ಇದೇ ಖಾತೆಗೆ ಸೇರುತ್ತವೆ. ಈ ಖಾತೆ ತೆರೆದವರಲ್ಲಿ ಒಬ್ಬರು ಸ್ಯಾನ್ ಡಿಯಾಗೋದ ವೈದ್ಯ ವಿನ್ಸೆಂಟ್ ಫೆಲಿಟ್ಟಿ. ಅವರು ಬೊಜ್ಜು ಕರಗಿಸುವ ಚಿಕಿತ್ಸೆ ಕೊಡುತ್ತಿದ್ದವರು. ತೂಕ ಇಳಿಯುತ್ತಿದ್ದವರೇ ಅರ್ಧಕ್ಕೆ ಬಿಟ್ಟುಹೋಗುವುದನ್ನು ಕಂಡು, ಕೂರಿಸಿ ಮಾತಾಡಿಸಿದರೆ ಬಾಲ್ಯದ ದೌರ್ಜನ್ಯಗಳು ಹೊರಬಿದ್ದವು. ರಾಬರ್ಟ್ ಆಂಡಾ ಜೊತೆ 1995ರಿಂದ 1997ರವರೆಗೆ 17,000ಕ್ಕೂ ಹೆಚ್ಚು ಜನರಿಂದ ಮಾಹಿತಿ ಕಲೆಹಾಕಿದರು. ಮೂವರಲ್ಲಿ ಸುಮಾರು ಇಬ್ಬರಿಗೆ ಇಂಥ ಒಂದಾದರೂ ಅನುಭವವಿತ್ತು. ಅಂಥವು ಹೆಚ್ಚಿದಷ್ಟೂ ಮುಂದೆ ಖಿನ್ನತೆ, ಕುಡಿತ, ಹೃದಯದ ಕಾಯಿಲೆಗಳ ಸಾಧ್ಯತೆ ಹೆಚ್ಚು. ಇವರೆಲ್ಲ ಬಹುಪಾಲು ಆರೋಗ್ಯ ವಿಮೆ ಇದ್ದ ಮಧ್ಯಮ ವರ್ಗದವರು. ಅದು ಬಡವರ ಮನೆ ಸಮಾಚಾರ ಎಂದುಕೊಂಡವರಿಗೆ ಈ ಮಾತು.

ಒಳಗೆ ಆಗುವುದೇನು? ಮಿದುಳಲ್ಲಿ ಅಮಿಗ್ಡಲ ಎಂಬ ಬಾದಾಮಿ ಗಾತ್ರದ ಭಾಗವೊಂದು ಅಪಾಯದ ಸುಳಿವು ಹಿಡಿಯುತ್ತದೆ. ಭಯದಲ್ಲೇ ಬೆಳೆದ ಮಗುವಿನಲ್ಲಿ ಇದು ಸಣ್ಣ ಸದ್ದಿಗೂ ಎದ್ದುಬಿಡುತ್ತದೆ. ನನ್ನ ಮಟ್ಟಿಗೆ ಅಳು ಎಂದರೆ ಮುಂದೆ ಏಟು. ಎಂಟನೇ ವಯಸ್ಸಿನಲ್ಲಿ ಕಲಿತ ಪಾಠ ಮೂವತ್ತೈದರಲ್ಲೂ ಹಾಗೇ ಇತ್ತು. ಅಳುತ್ತಿರುವುದು ನನ್ನದೇ ಕೂಸು, ಹೊಡೆಯುವವರು ಯಾರೂ ಇಲ್ಲ, ಇದು ಬುದ್ಧಿಗೆ ಗೊತ್ತು. ಅಷ್ಟರಲ್ಲಿ ಎದೆಬಡಿತ ಏರಿ, ಅಂಗೈ ಬೆವೆತು, ಕಾಲು ಚಪ್ಪಲಿ ಹುಡುಕುತ್ತಿತ್ತು. ಕೆಲವರು ಇದೇ ಗಾಬರಿಯಲ್ಲಿ ಕೈ ಎತ್ತುತ್ತಾರೆ. ನಾನು ಹಾಲು ತರುತ್ತಿದ್ದೆ.

ಇದು ಹಣೆಬರಹವೂ ಅಲ್ಲ. ಕೆನಡಾದ ಮಾಂಟ್ರಿಯಲ್‌ನಲ್ಲಿ ಮೈಕೇಲ್ ಮೀನಿ ತಂಡ ಇಲಿಗಳ ಮೇಲೆ ಮಾಡಿದ ಪ್ರಯೋಗ ಹೆಸರಾದದ್ದು. ಕೆಲವು ತಾಯಿ ಇಲಿಗಳು ಮರಿಗಳನ್ನು ನೆಕ್ಕಿ ನೆಕ್ಕಿ ಸಾಕುತ್ತವೆ, ಕೆಲವು ಅಷ್ಟಾಗಿ ನೆಕ್ಕುವುದಿಲ್ಲ. ಕಡಿಮೆ ನೆಕ್ಕಿಸಿಕೊಂಡ ಮರಿಗಳು ಪುಕ್ಕಲಾಗಿ ಬೆಳೆದು, ತಾಯಿಯಾದಾಗ ತಾವೂ ಮರಿಗಳನ್ನು ಕಡಿಮೆ ನೆಕ್ಕುತ್ತವೆ. ರಕ್ತಗುಣ ಎಂದು ಬಿಡುವ ಹಾಗಿದೆ. ಆದರೆ ಅಂಥ ತಾಯಿಯ ಹೆಣ್ಣುಮರಿಯನ್ನು ಹುಟ್ಟಿದ ಕೂಡಲೇ ನೆಕ್ಕುವ ತಾಯಿಯ ಬಳಿ ಬಿಟ್ಟರೆ ಅದು ಧೈರ್ಯವಾಗಿ ಬೆಳೆದು ತನ್ನ ಮರಿಗಳನ್ನೂ ಚೆನ್ನಾಗಿ ನೆಕ್ಕುತ್ತದೆ. ಇಲಿಯಿಂದ ಮನುಷ್ಯನಿಗೆ ನೇರ ಹಾರುವುದು ತಪ್ಪು, ಆದರೂ ನನಗೆ ಆ ಮರಿಗಳ ವಿಷಯ ಓದಿ ಸಮಾಧಾನವಾಗಿತ್ತು. ನಮ್ಮಜ್ಜಿ, ಅಮ್ಮನ ಅಮ್ಮ, ಬೇಸಿಗೆ ರಜೆಯಲ್ಲಿ ತಲೆಗೆ ಹರಳೆಣ್ಣೆ ತಟ್ಟುತ್ತಿದ್ದದ್ದು ನೆನಪಾಯಿತು.

ಸಮಾಲೋಚಕರು ಒಂದು ದಿನ ಅಪ್ಪನನ್ನು ಐದು ಪದಗಳಲ್ಲಿ ಹೇಳಿ ಎಂದರು. ಆಮೇಲೆ ಪ್ರತಿ ಪದಕ್ಕೂ ಒಂದು ನಡೆದ ಸಂಗತಿ. ಬರ್ಕ್‌ಲಿಯ ಮೇರಿ ಮೇನ್ ಮತ್ತು ಸಂಗಡಿಗರು 1985ರ ಸುಮಾರಿಗೆ ರೂಪಿಸಿದ ಸಂದರ್ಶನದಲ್ಲಿ ಈ ಪ್ರಶ್ನೆ ಇದೆಯಂತೆ. ಅಲ್ಲಿ ಬಾಲ್ಯ ಚೆನ್ನಾಗಿತ್ತೋ ಕೆಟ್ಟದಾಗಿತ್ತೋ ಎನ್ನುವುದು ಮುಖ್ಯವಲ್ಲ, ಹೇಳುವವನ ಕತೆ ಒಂದಕ್ಕೊಂದು ಹೊಂದುತ್ತದೋ ಇಲ್ಲವೋ ನೋಡುತ್ತಾರೆ. ಕೆಟ್ಟ ಬಾಲ್ಯವನ್ನು ಮುಚ್ಚಿಡದೆ, ಅದರಲ್ಲಿ ಮುಳುಗದೆ ಹೇಳಬಲ್ಲವರ ಮಕ್ಕಳು ಹೆತ್ತವರನ್ನು ನಂಬಿ ನೆಮ್ಮದಿಯಾಗಿ ಬೆಳೆಯುವ ಸಾಧ್ಯತೆ ಹೆಚ್ಚು. ನಾನು ‘ಶಿಸ್ತು, ದುಡಿಮೆ, ಪ್ರೀತಿ’ ಎಂದು ಬರೆದೆ. ಪ್ರೀತಿಗೆ ಸಂಗತಿ ಬರೆಯಲು ಹೊರಟು ಪೆನ್ನು ನಿಂತಿತು. ಹದಿನೈದು ನಿಮಿಷ. ಕಡೆಗೊಂದು ಸಿಕ್ಕಿತು. ಜ್ವರ ಬಂದಾಗ ಅಪ್ಪ ಸೈಕಲ್ ಕ್ಯಾರಿಯರ್‌ಗೆ ಗೋಣಿಚೀಲ ಮಡಚಿ ಕಟ್ಟಿ ನನ್ನನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದರು. ದಾರಿಯುದ್ದಕ್ಕೂ ಎಡಗೈ ಹಿಂದೆ ಚಾಚಿ ನನ್ನ ಮೊಣಕಾಲು ಹಿಡಿದುಕೊಂಡೇ ಇದ್ದರು. ಅದನ್ನು ನಾನು ಯಾವ ಮದುವೆಮನೆಯಲ್ಲೂ ಹೇಳಿರಲಿಲ್ಲ.

ಎಲ್ಲರಿಗೂ ಹೀಗೆ ದುಡ್ಡು ಕೊಟ್ಟು ಮಾತಾಡಲು ಆಗುವುದಿಲ್ಲ, ಗೊತ್ತಿದೆ. 14416ಕ್ಕೆ ಕರೆ ಮಾಡಿದರೆ ಸರಕಾರದ ಟೆಲಿ ಮಾನಸ್ ಕನ್ನಡದಲ್ಲೇ, ಉಚಿತವಾಗಿ ಸಿಗುತ್ತದೆ. 2022ರ ಅಕ್ಟೋಬರ್‌ನಲ್ಲಿ ಶುರುವಾದದ್ದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಬಾಣಂತಿಯನ್ನು ಕೂಸಿನೊಂದಿಗೇ ಸೇರಿಸಿಕೊಂಡು ಚಿಕಿತ್ಸೆ ಕೊಡುವ ವಿಭಾಗವಿದೆ. ಬಾಣಂತಿ ಅತ್ತರೆ ‘ಸೋಂಕು’ ಎಂದು ನೀವಾಳಿಸುವ ಮನೆಗಳಿಗೆ ಇದು ತಿಳಿದಿದ್ದರೆ ಒಳ್ಳೆಯದು.

ಹೋದ ಏಪ್ರಿಲ್‌ನಲ್ಲಿ ಊರಿಗೆ ಹೋಗಿದ್ದೆವು. ಅಪ್ಪನಿಗೀಗ ಎಪ್ಪತ್ತಾರು. ಮೊಮ್ಮಗಳಿಗೆ ಅವರು ಬೇರೆಯೇ ಮನುಷ್ಯ. ಅಂಗಳದಲ್ಲಿ ಕಾಯಿ ರಾಶಿಯ ಮುಂದೆ ಕೂತು, ಒಂದೊಂದನ್ನೇ ಅವಳ ಕಿವಿಯ ಹತ್ತಿರ ಅಲ್ಲಾಡಿಸಿ ಯಾವುದು ಕೊಬ್ಬರಿಯಾಗಿದೆ, ಯಾವುದರಲ್ಲಿ ಇನ್ನೂ ನೀರಿದೆ ಎಂದು ಕಲಿಸುತ್ತಿದ್ದರು. ಜಗಲಿಯಲ್ಲಿ ಕೂತ ನನಗೆ ಹೊಟ್ಟೆಕಿಚ್ಚಾಯಿತು. ನಲವತ್ತು ದಾಟಿದವನಿಗೆ ಮಗಳ ಮೇಲೆ.

‘ಅಪ್ಪಾ, ತಾತ ನಿಮಗೆ ಹೊಡೀತಿತ್ತಾ?’ ಎಂದು ಕೇಳಿಬಿಟ್ಟೆ.

‘ಹೊಡೀದೆ ಬಿಡ್ತಾರೇನ್ಲಾ’ ಎಂದರು. ಕೈಯಲ್ಲಿದ್ದ ಕಾಯಿ ಅಲ್ಲಾಡಿಸಿ ಪಕ್ಕಕ್ಕಿಟ್ಟರು. ಸುಮಾರು ಹೊತ್ತಿನ ಮೇಲೆ, ನನ್ನ ಕಡೆ ನೋಡದೆಯೇ, ‘ಕಣದಾಗೆ ಕಟ್ಟಾಕ್ತಿದ್ದ. ಎತ್ತಿನ ಜೊತೆ’ ಎಂದರು. ಮತ್ತೆ ಮಾತಿಲ್ಲ.

ಮಗಳು ರಾಶಿಯ ಮೇಲೆ ಹತ್ತಲು ಹೋಗಿ ಜಾರಿದಳು. ಮೊಣಕೈ ತರಚಿ ರಕ್ತ ಬಂತು, ಬಾಯಿಬಿಟ್ಟು ಅತ್ತಳು. ‘ಏಯ್, ಸುಮ್ಕಿರವ್ವ’ ಎಂದು ಅಪ್ಪನ ಹಳೇ ದನಿ ಎದ್ದಿತು. ನನ್ನ ಅಂಗೈ ಬೆವೆತಿತು. ಎದ್ದು ಹೋಗಿ ಅವಳ ಪಕ್ಕ ಮಣ್ಣಲ್ಲಿ ಕೂತೆ. ಏನು ಹೇಳಬೇಕೆಂದು ಈಗಲೂ ಗೊತ್ತಾಗುವುದಿಲ್ಲ, ಅದಕ್ಕೆ ಏನೂ ಹೇಳಲಿಲ್ಲ, ಮೊಣಕೈ ಹಿಡಿದುಕೊಂಡೆ ಅಷ್ಟೆ. ನಾಲ್ಕೈದು ನಿಮಿಷ ಅತ್ತಿರಬೇಕು. ಅಪ್ಪ ಕಾಯಿ ಅಲ್ಲಾಡಿಸುವುದು ನಿಲ್ಲಿಸಿ ನಮ್ಮನ್ನೇ ನೋಡುತ್ತಿದ್ದರು. ಅಳು ಇಳಿದು ಬಿಕ್ಕಳಿಕೆಗೆ ತಿರುಗಿದಾಗ, ಎದ್ದು ಒಳಗೆ ಹೋಗಿ ಒಂದು ಚೊಂಬು ನೀರು ತಂದು ನಮ್ಮಿಬ್ಬರ ನಡುವೆ ಇಟ್ಟರು.