ನಿಮ್ಮ ತೆರಿಗೆ, ಬೇರೆಯವರ ಚರ್ಚು

ನೀವು ಕಾಲಿಡದ ಚರ್ಚಿನ ಪಾದ್ರಿಗೆ ನಿಮ್ಮ ತೆರಿಗೆ ದುಡ್ಡಲ್ಲಿ ಸಂಬಳ ಕೊಟ್ರೆ ಒಪ್ಕೋತೀರಾ?

18ನೇ ಶತಮಾನದಲ್ಲಿ ಅಮೆರಿಕದ ವರ್ಜೀನಿಯಾದಲ್ಲಿ ಕಾನೂನೇ ಹಾಗಿತ್ತು. ಆಂಗ್ಲಿಕನ್ ಚರ್ಚು ಸರ್ಕಾರದ ಅಧಿಕೃತ ಚರ್ಚು. ಪರವಾನಗಿ ಇಲ್ಲದೆ ಉಪದೇಶ ಮಾಡಿದ ಬ್ಯಾಪ್ಟಿಸ್ಟ್ ಬೋಧಕರನ್ನ ಜೈಲಿಗೆ ಹಾಕ್ತಿದ್ರು. ಗಮನಿಸಿ, ಅವರೂ ಕ್ರೈಸ್ತರೇ! ಕೆಲವರು ಜೈಲಿನ ಕಿಟಕಿಯಿಂದಲೇ ಉಪದೇಶ ಮುಂದುವರಿಸಿದ್ರು. ಎಂಥ ಧೈರ್ಯ!

ಅಮೆರಿಕ ಸ್ವತಂತ್ರವಾದ ಮೇಲೆ, 1784ರಲ್ಲಿ, ವರ್ಜೀನಿಯಾದ ನಾಯಕ ಪ್ಯಾಟ್ರಿಕ್ ಹೆನ್ರಿ ಅಲ್ಲಿ ಒಂದು ಮಸೂದೆಯ ಪರ ನಿಂತರು. ಎಲ್ಲರೂ ತೆರಿಗೆ ಕೊಡಲಿ, ಅದು ಯಾವ ಕ್ರೈಸ್ತ ಪಂಗಡಕ್ಕೆ ಹೋಗಬೇಕು ಅಂತ ಕೊಡೋರೇ ಹೇಳಲಿ. ಕೇಳೋಕೆ ನ್ಯಾಯ ಅನ್ಸುತ್ತೆ, ಅಲ್ವಾ?

ಅಲ್ಲಿನ ಇನ್ನೊಬ್ಬ ನಾಯಕ ಜೇಮ್ಸ್ ಮ್ಯಾಡಿಸನ್‌ಗೆ ಅನ್ನಿಸಲಿಲ್ಲ. 1785ರ ಮನವಿಪತ್ರದಲ್ಲಿ ಅವರ ವಾದ ಹೀಗಿತ್ತು: ಇವತ್ತು ಬೇರೆ ಧರ್ಮಗಳನ್ನ ಬಿಟ್ಟು ಕ್ರೈಸ್ತ ಧರ್ಮವನ್ನ ಎತ್ತಿಹಿಡಿಯೋ ಅಧಿಕಾರ, ನಾಳೆ ಅದರೊಳಗಿನ ಒಂದೇ ಪಂಗಡವನ್ನ ಎತ್ತಿಹಿಡಿಯಬಹುದು. ತೆರಿಗೆ ವಿರುದ್ಧದ ಮನವಿಗಳಿಗೆ ಸಾವಿರಾರು ಜನ ಸಹಿ ಹಾಕಿದ್ರು. ಮಸೂದೆ ಬಿತ್ತು. ಅಲ್ಲಿನ ಮತ್ತೊಬ್ಬ ನಾಯಕ ಥಾಮಸ್ ಜೆಫರ್ಸನ್ ಬರೆದಿದ್ದ ಧಾರ್ಮಿಕ ಸ್ವಾತಂತ್ರ್ಯ ಕಾಯ್ದೆ 1786ರ ಜನವರಿಯಲ್ಲಿ ಪಾಸಾಯ್ತು.

ಸಹಿ ಹಾಕಿದವರಲ್ಲಿ ಬಹಳ ಮಂದಿ ಗಾಢ ದೈವಭಕ್ತರು. ನನಗೆ ಈ ಕತೆಯಲ್ಲಿ ಅತಿ ಮುಖ್ಯ ಅನ್ಸೋದು ಇದೇ. ತಮ್ಮ ದೇವರಿಗೆ ಸರ್ಕಾರದ ದುಡ್ಡು ಬೇಡ ಅಂದವರು ಅವರು. ಸರ್ಕಾರದ ಕೈ ಸೋಕಿದರೆ ನಂಬಿಕೆ ಕೆಡುತ್ತೆ ಅಂತ ಅವರಿಗೆ ಅನುಭವದಿಂದ ಗೊತ್ತಿತ್ತು.

ನಮ್ಮ ಸಂವಿಧಾನದಲ್ಲೂ ಇಂಥ ತೆರಿಗೆಯಿಂದ ರಕ್ಷಣೆ ಇದೆ. ಯಾವುದೇ ಒಂದು ಧರ್ಮದ ಪೋಷಣೆಗೆ ಮೀಸಲಾದ ತೆರಿಗೆ ಕೊಡಿ ಅಂತ ಯಾರನ್ನೂ ಬಲವಂತ ಮಾಡುವಂತಿಲ್ಲ. ಅದು 27ನೇ ವಿಧಿ. ಇವತ್ತೇ ತೆಗೆದು ಓದಿ, ಮನೆಯವರಿಗೂ ಓದಿ ಹೇಳಿ.