ವಿದ್ಯುಚ್ಚಿಕಿತ್ಸೆಯೂ ವಿಮೆಯೂ

ಮನೆಯಲ್ಲೊಬ್ಬರಿಗೆ ವಿಷಮಜ್ವರ ಬಂದಿತೆಂದರೆ ನೆರೆಹೊರೆಯವರು ಗಂಜಿ ಕಾಯಿಸಿಕೊಂಡು ಬರುವರು. ಚಿತ್ತವು ಕೆಟ್ಟಿತೆಂದರೆ ಮನೆಯವರೇ ಬಾಗಿಲನ್ನು ಮುಚ್ಚಿಕೊಳ್ಳುವರು. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರಗಳ ಸೀಮೆಯಲ್ಲಿ ನಾವು ಬಹುಕಾಲದಿಂದ ಕಂಡುಬಂದುದು ಇದೇ. ಗಾಳಿ ಸೋಕಿತೆಂದು ಮೊದಲು ತಾಯಿತ ಕಟ್ಟಿಸುವುದು, ಅನಂತರ ದೇವಸ್ಥಾನದಲ್ಲಿ ಮಲಗಿಸುವುದು, ಹಣವೂ ಮೈಯೂ ಸವೆದ ಮೇಲೆ ಬೆಂಗಳೂರಿನ ದಾರಿ ಹಿಡಿಯುವುದು.

ಈ ವರ್ಷದ ಮಾವಿನ ಸುಗ್ಗಿಗೆ ಮುಂಚೆ ನಮ್ಮ ಹಳೆಯ ಶಿಷ್ಯನೊಬ್ಬನು, ಶ್ರೀನಿವಾಸಪುರದ ಕಡೆಯ ರೈತನು, ಕಾಗದವೊಂದನ್ನು ಹಿಡಿದುಕೊಂಡು ಬಂದನು. ಅವನ ಹೆಂಡತಿಯು ಅನ್ನವನ್ನೂ ಮಾತನ್ನೂ ಬಿಟ್ಟು ಗೋಡೆಯ ಕಡೆಗೆ ಮುಖಮಾಡಿ ಮಲಗಿಬಿಟ್ಟಿದ್ದಳಂತೆ. ಔಷಧಿಗಳು ನಾಟದಿರಲು ವೈದ್ಯರು ಎಂಟು ಸಲ ವಿದ್ಯುಚ್ಚಿಕಿತ್ಸೆಯನ್ನು ಮಾಡಿದರು. ನಾಲ್ಕನೆಯದು ಮುಗಿದ ಮಾರನೆಯ ದಿನ ಅವಳು, "ಹಸುವಿಗೆ ನೀರಿಟ್ಟರೇ?" ಎಂದು ಕೇಳಿದಳಂತೆ. ಒಡವೆಯನ್ನು ಅಡವಿಟ್ಟು ಖರ್ಚು ಮಾಡಿದ್ದ ಇವನು ವಿಮೆಯ ಕಂಪೆನಿಗೆ ಬರೆದುಕೊಂಡರೆ, ರೋಗಿಯು 24 ಗಂಟೆಗಳ ಕಾಲ ಆಸ್ಪತ್ರೆಯಲ್ಲಿರಲಿಲ್ಲವಾದುದರಿಂದ ಇದು ಹೊರರೋಗಿಯ ಚಿಕಿತ್ಸೆಯೆಂದೂ, ಹಣ ಸಲ್ಲದೆಂದೂ ಉತ್ತರ ಬಂದಿತು. "ಮೇಷ್ಟ್ರೇ, ಇದರಲ್ಲಿ ಏನಿದೆ, ಸ್ವಲ್ಪ ನೋಡಿ ಹೇಳಿ" ಎಂದನು.

'ಕರೆಂಟು ಕೊಡುವುದು' ಎಂದು ಜನರು ಅಂಜಿ ಆಡುವ ಮಾತಿಗೂ ಈಗಿನ ಚಿಕಿತ್ಸೆಗೂ ಬಹಳ ಅಂತರವುಂಟು. 1938ರಲ್ಲಿ ರೋಮ್ ನಗರದ ಚೆರ್ಲೆಟ್ಟಿ, ಬಿನಿ ಎಂಬ ವೈದ್ಯರು ಇದನ್ನು ಮೊದಲು ಪ್ರಯೋಗಿಸಿದಾಗ ರೋಗಿಗೆ ಅರಿವಳಿಕೆಯಿರಲಿಲ್ಲ. ಸಿನಿಮಾದವರು ಇಂದಿಗೂ ತೋರಿಸುವುದು ಆ ಹಳೆಯ ಘೋರರೂಪವನ್ನೇ. ಈಗಲಾದರೋ ಮೊದಲು ಅರಿವಳಿಕೆಯ ಮದ್ದು, ಬಳಿಕ ಸ್ನಾಯುಗಳನ್ನು ಸಡಿಲಿಸುವ ಮದ್ದು. ಆಮೇಲೆ ಕೆಲವೇ ಕ್ಷಣ ಅಳತೆಯ ವಿದ್ಯುತ್ತನ್ನು ಹಾಯಿಸಲು ಮಿದುಳಿನಲ್ಲಿ ಅಲ್ಪಕಾಲದ ಅಪಸ್ಮಾರವೊಂದು ಉಂಟಾಗುವುದು. ರೋಗಿಗೆ ಅದರ ಅರಿವೇ ಇರುವುದಿಲ್ಲ. ಸಾಮಾನ್ಯವಾಗಿ ವಾರಕ್ಕೆ ಎರಡು ಮೂರು ಸಲದಂತೆ ಆರರಿಂದ ಹನ್ನೆರಡು ಸಲ ಮಾಡುವರು. ಕೆಲವರಿಗೆ ಆ ದಿನಗಳ ನೆನಪು ಮಸುಕಾಗುವುದುಂಟು, ಇದನ್ನು ಮುಚ್ಚಿಡತಕ್ಕದ್ದಲ್ಲ. ಆದರೆ ಅನ್ನನೀರು ಬಿಟ್ಟವರಿಗೆ, ಮರದಂತೆ ಸ್ತಬ್ಧರಾದವರಿಗೆ, ಪ್ರಾಣತ್ಯಾಗಕ್ಕೆ ಹವಣಿಸುವವರಿಗೆ ಇದರಷ್ಟು ಬೇಗ ಫಲಕೊಡುವ ಉಪಾಯಗಳು ವಿರಳ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ, ಮುಂದೆ ಅದರ ನಿರ್ದೇಶಕರೂ ಆದ ಡಾ. ಬಿ. ಎನ್. ಗಂಗಾಧರರೇ ಮೊದಲಾದವರು ದಶಕಗಳ ಕಾಲ ಈ ವಿಷಯದಲ್ಲಿ ಸಂಶೋಧನೆ ನಡೆಸಿದ್ದಾರೆ. ಚರಕಸಂಹಿತೆಯ ಉನ್ಮಾದಪ್ರಕರಣದಲ್ಲಿ ಹಲ್ಲು ಕಿತ್ತ ಹಾವಿನಿಂದ ರೋಗಿಯನ್ನು ಬೆದರಿಸುವ ಉಪಾಯವೊಂದು ಹೇಳಿದೆ. ಅದನ್ನು ಓದಿದ ನಮಗೆ, ಮಲಗಿಸಿ ನಿದ್ದೆಬರಿಸಿ ಮಾಡುವ ಇಂದಿನ ಚಿಕಿತ್ಸೆಯು ಎಷ್ಟೋ ಸೌಮ್ಯವಾಗಿ ಕಾಣುವುದು.

ಇನ್ನು ಕಾನೂನಿನ ಮಾತು. 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯಿದೆಯು 2018ರ ಮೇ 29ರಂದು ಜಾರಿಗೆ ಬಂದಿತು. ಅದರ 21ನೆಯ ಪ್ರಕರಣದ ಪ್ರಕಾರ ಪ್ರತಿಯೊಂದು ವಿಮಾ ಸಂಸ್ಥೆಯೂ ದೇಹದ ರೋಗಕ್ಕೆ ಯಾವ ಆಧಾರದ ಮೇಲೆ ವಿಮೆಯನ್ನು ಕೊಡುವುದೋ ಅದೇ ಆಧಾರದ ಮೇಲೆ ಮನಸ್ಸಿನ ರೋಗಕ್ಕೂ ಕೊಡತಕ್ಕದ್ದು. ಅದೇ ವರ್ಷದ ಆಗಸ್ಟ್ ತಿಂಗಳಲ್ಲಿ ವಿಮಾ ನಿಯಂತ್ರಣ ಪ್ರಾಧಿಕಾರವು ಇದನ್ನು ಪಾಲಿಸುವಂತೆ ಎಲ್ಲ ಕಂಪೆನಿಗಳಿಗೂ ಬರೆಯಿತು. ಆದರೂ ಹಳೆಯ ಷರತ್ತುಗಳನ್ನು ತೋರಿಸಿ ಕೈಯಾಡಿಸಿದವರುಂಟು. 2021ರಲ್ಲಿ ದೆಹಲಿಯ ಉಚ್ಚ ನ್ಯಾಯಾಲಯವು, ಕಾಯಿದೆ ಜಾರಿಗೆ ಬಂದ ದಿನದಿಂದಲೇ ಈ ನಿಯಮವು ಕಂಪೆನಿಗಳನ್ನು ಬಂಧಿಸುವುದೆಂದು ತೀರ್ಪು ಕೊಟ್ಟಿತು.

ಹಾಗಾದರೆ ನಮ್ಮ ಶಿಷ್ಯನಿಗೆ ಬಂದ ಉತ್ತರವೆಂಥದು? ಅದರಲ್ಲಿ ಮನೋರೋಗವೆಂಬ ಶಬ್ದವೇ ಇರಲಿಲ್ಲ. ಗಂಟೆಗಳ ಲೆಕ್ಕ ಮಾತ್ರವಿತ್ತು. ತೊಡಕು ಇರುವುದು ಇಲ್ಲಿಯೇ. ಆಸ್ಪತ್ರೆಯಲ್ಲಿ 24 ಗಂಟೆ ಇರಬೇಕೆಂಬುದು ಸಾಮಾನ್ಯ ವಿಧಿ. ಡೇ ಕೇರ್ ಚಿಕಿತ್ಸೆ ಎಂಬುದು ಅದಕ್ಕೆ ಅಪವಾದ. ಡೇ ಕೇರ್ ಎಂದರೆ ಅರಿವಳಿಕೆ ಕೊಟ್ಟು ಆಸ್ಪತ್ರೆಯಲ್ಲಿ ಮಾಡಿ, ವೈದ್ಯವಿದ್ಯೆಯ ಪ್ರಗತಿಯಿಂದ 24 ಗಂಟೆಗಳೊಳಗೆ ಮುಗಿಸುವಂಥದು, ಇಲ್ಲದಿದ್ದರೆ ಅದಕ್ಕಿಂತ ಹೆಚ್ಚು ಕಾಲ ಉಳಿಯಬೇಕಾಗುತ್ತಿದ್ದಂಥದು. ಸಾಮಾನ್ಯವಾಗಿ ಹೊರರೋಗಿಗಳಿಗೇ ಮಾಡುವ ಚಿಕಿತ್ಸೆಯು ಅದರಲ್ಲಿ ಸೇರದು. ಕಂಪೆನಿಯವರು ಈ ಕಡೆಯ ವಾಕ್ಯವನ್ನು ಹಿಡಿದರು. ನಾವು ಮೊದಲನೆಯದನ್ನು ಹಿಡಿದೆವು. ಅರಿವಳಿಕೆಯೂ ಸ್ನಾಯುಶೈಥಿಲ್ಯದ ಮದ್ದೂ ಇಲ್ಲದೆ ಈ ಚಿಕಿತ್ಸೆಯನ್ನು ಮಾಡಲೇಕೂಡದೆಂದು ಅದೇ ಕಾಯಿದೆಯ 95ನೆಯ ಪ್ರಕರಣವು ನಿಷೇಧಿಸಿದೆ. ಕಣ್ಣಿನ ಪೊರೆಯನ್ನು ಬೆಳಗ್ಗೆ ತೆಗೆದು ಸಂಜೆಗೆ ಮನೆಗೆ ಕಳುಹಿಸಿದರೆ ಹಣ ಕೊಡುವವರು ಇದಕ್ಕೆ ಮಾತ್ರ ಗಡಿಯಾರವನ್ನು ತೋರಿಸಿದರೆ 'ಅದೇ ಆಧಾರ' ಎಂಬ ಮಾತಿಗೆ ಅರ್ಥವೆಲ್ಲಿ ಉಳಿಯಿತು? ಶಾಸ್ತ್ರವಾಕ್ಯಗಳಿಗೆ ಅರ್ಥ ಹೇಳುತ್ತ ಬಂದ ನಮಗೆ ಇದರಲ್ಲಿ ಸಂದೇಹ ತೋರದು. ನಿರ್ಣಯವು ಮಾತ್ರ ನಮ್ಮ ಕೈಯಲ್ಲಿಲ್ಲ.

ವಿಮೆ ಮಾಡಿಸುವ ಗೃಹಸ್ಥರು ಹಿಂದೆ ಇದ್ದ ಮನೋರೋಗವನ್ನು ನಾಚಿಕೆಯಿಂದ ಬಚ್ಚಿಡಬಾರದು. ಬಚ್ಚಿಟ್ಟರೆ ಅದೇ ನೆಪವಾಗುವುದು. ಹೇಳಿದರೆ ಹೆಚ್ಚೆಂದರೆ 36 ತಿಂಗಳು ಕಾಯಿಸಬಹುದೆಂದು 2024ರ ನಿಯಮವಿದೆ. ಮೊದಲ ಸಲದ ಚಿಕಿತ್ಸೆಗೆ ಮುನ್ನವೇ ಕಂಪೆನಿಯ ಒಪ್ಪಿಗೆಯನ್ನು ಬರಹದಲ್ಲಿ ಕೇಳುವುದು, ಪ್ರತಿಸಲದ ಅರಿವಳಿಕೆಯ ಚೀಟಿಯನ್ನು ತೆಗೆದಿಡುವುದು ಲೇಸು. ಬಡ ಕುಟುಂಬದವರು ಆಯುಷ್ಮಾನ್ ಕಾರ್ಡನ್ನು ಆಸ್ಪತ್ರೆಯಲ್ಲಿ ಮೊದಲೇ ತೋರಿಸಬೇಕು. ಆ ಯೋಜನೆಯ ಪಟ್ಟಿಯಲ್ಲಿ ವಿದ್ಯುಚ್ಚಿಕಿತ್ಸೆಯ ಹೆಸರೇ ಇದೆ.

ಕಂಪೆನಿಯು ಇಲ್ಲವೆಂದರೆ ಮೊದಲು ಅದರ ದೂರು ವಿಭಾಗಕ್ಕೇ ಬರೆಯಬೇಕು. ಮೂವತ್ತು ದಿನಗಳಲ್ಲಿ ಸಮಾಧಾನ ದೊರೆಯದಿದ್ದರೆ ಬೆಂಗಳೂರಿನ ವಿಮಾ ಲೋಕಪಾಲರಿಗೆ ಒಂದು ವರ್ಷದೊಳಗೆ ಅರ್ಜಿ ಕೊಡಬಹುದು. ವಕೀಲರು ಬೇಕಿಲ್ಲ, ಶುಲ್ಕವಿಲ್ಲ. ಶಿಷ್ಯನ ಮೊದಲ ಕಾಗದವನ್ನು ನಾವೇ ಬರೆದುಕೊಟ್ಟೆವು. ಅದಕ್ಕೆ ಹತ್ತೊಂಬತ್ತು ದಿನಗಳಾದುವು, ಉತ್ತರ ಬಂದಿಲ್ಲ. ಎರಡನೆಯ ಕಾಗದವೂ ಸಿದ್ಧವಾಗಿ ನಮ್ಮ ಮೇಜಿನ ಮೇಲಿದೆ. ಅದಕ್ಕೆ ರುಜು ಹಾಕಲು ಮೊನ್ನೆ ಹೆಂಡತಿಯೊಡನೆಯೇ ಬಂದಿದ್ದನು. ಕಾಗದವನ್ನು ಆಕೆ ಮೊದಲಿನಿಂದ ಕೊನೆಯವರೆಗೆ ತಾನೇ ಓದಿಕೊಂಡಳು. ಎಂಟು ಸಲವೆಂದು ಬರೆದ ಕಡೆ ಬೆರಳಿಟ್ಟು, "ನನಗೆ ಐದೇ ನೆನಪು" ಎಂದಳು.